ಗುಬ್ಬಿಯವನ ಬೈಕನ್ನು ನನ್ನ ತಲೆಗೆ ಕಟ್ಟಿದವರಿಗೆ

ಸಾಲವರದಿ ಕಂಪನಿಯ ದೂರು ವಿಭಾಗದ ಮುಖ್ಯಸ್ಥರೇ,

ನಾನು ಕರಿಬಸವಯ್ಯ, ತುಮಕೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಗುಬ್ಬಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಕರಿಬಸವಯ್ಯ ನಾನಲ್ಲ; ಅವನು ನನ್ನ ಚಿಕ್ಕಪ್ಪನ ಮಗ. ಅವನ ಬೈಕ್ ಸಾಲದ ಬಾಕಿಯನ್ನು ನೀವು ನನ್ನ ವರದಿಯಲ್ಲಿ ಬರೆದಿದ್ದೀರಿ. ತೆಗೆಯಿರಿ ಎಂದು ಪದೇ ಪದೇ ಬೇಡಿದ್ದಾಯಿತು. ಇನ್ನು ಬೇಡುವುದಿಲ್ಲ, ನಾಲ್ಕು ಜನ ಓದುವ ಹಾಗೆ ಕೇಳುತ್ತೇನೆ.

ಇಷ್ಟು ವರ್ಷ ಸದಾಶಿವನಗರದ ಬಾಡಿಗೆ ಮನೆಯಲ್ಲಿದ್ದವನು ಧೈರ್ಯ ಮಾಡಿ ಉಪ್ಪಾರಹಳ್ಳಿಯಲ್ಲಿ ಎರಡು ಕೋಣೆಯ ಮನೆಗೆ ಅಡ್ವಾನ್ಸ್ ಕೊಟ್ಟೆ. ಈ ತಿಂಗಳ ಕೊನೆಯೊಳಗೆ ರಿಜಿಸ್ಟ್ರೇಷನ್ ಆಗದಿದ್ದರೆ ಮನೆಯೂ ಇಲ್ಲ, ಅಡ್ವಾನ್ಸೂ ಇಲ್ಲ. ಗೃಹಸಾಲದ ಅರ್ಜಿ ಹಾಕುವ ಮೊದಲು ಕ್ರೆಡಿಟ್ ಸ್ಕೋರ್ ನೋಡಿಕೊಳ್ಳಿ ಎಂದು ಬ್ಯಾಂಕಿನವರು ಹೇಳಿದರು, ನೋಡಿಕೊಂಡೆ. ಇನ್ನೊಂದು ಕಂಪನಿಯ ವರದಿಯಲ್ಲಿ ಏಳುನೂರ ಎಂಬತ್ತು, ನಿಮ್ಮದರಲ್ಲಿ ಐನೂರ ತೊಂಬತ್ತು. ಒಂದೇ ದಿನ, ಒಬ್ಬನೇ ಮನುಷ್ಯ. ಒಂದು ಕಡೆ ಸಂಭಾವಿತ, ಇನ್ನೊಂದು ಕಡೆ ತಲೆತಪ್ಪಿಸಿಕೊಂಡು ತಿರುಗುವ ಬಾಕಿದಾರ. ಬ್ಯಾಂಕ್ ಮ್ಯಾನೇಜರ್ ಎರಡನ್ನೂ ನೋಡಿ ಮೆತ್ತಗೆ ಹೇಳಿದರು: "ಸಾರ್, ನಮ್ ಹೆಡ್ ಆಫೀಸ್‌ನೋರು ಯಾವ್ದ್ರಲ್ಲಿ ಕಮ್ಮಿ ಇದ್ಯೋ ಅದನ್ನೇ ನಂಬೋದು. ಸಣ್ ಅಮೌಂಟು, ಕಟ್ಟಿ ಕೈ ತೊಳ್ಕೊಳ್ಳಿ." ನಾನು ಮಾಡದ ಸಾಲವನ್ನು ಕಟ್ಟಿದರೆ ಅದು ನನ್ನದೇ ಎಂದು ಒಪ್ಪಿಕೊಂಡಂತಾಗುವುದಿಲ್ಲವೇ? ಆ ಕಲೆಯನ್ನು ಆಮೇಲೆ ಯಾವ ಸೋಪು ಹಾಕಿ ತೊಳೆಯಲಿ?

ನನ್ನ ಹೆಂಡತಿ ನೇತ್ರಾವತಿ ವರದಿಯನ್ನು ಎರಡು ಸಲ ಓದಿದಳು. "ಬೈಕ್ ಓಡ್ಸಕ್ಕೇ ಬರಲ್ಲ ನಿಮ್ಗೆ, ಬೈಕ್ ಸಾಲ ಯಾವಾಗ್ ಮಾಡುದ್ರಿ? ಗುಬ್ಬೀಲಿ ಇನ್ನೇನೇನ್ ಮಡಗಿದೀರಿ, ಈಗ್ಲೇ ಹೇಳ್ಬುಡಿ" ಎಂದಳು. ನಿಮ್ಮ ಕೃಪೆಯಿಂದ ನಾನು ಹೆಂಡತಿಯ ಮುಂದೆಯೂ ವಿಚಾರಣಾಧೀನ.

ತಪ್ಪು ಹೇಗಾಯಿತೆಂದು ನೀವು ಹುಡುಕಲಿಲ್ಲ, ನಾನೇ ಹುಡುಕಿದೆ. ನಮ್ಮ ತಾತ ಕರಿಬಸವಯ್ಯನಿಗೆ ಮೂವರು ಗಂಡುಮಕ್ಕಳು. ನಮ್ಮಲ್ಲಿಯ ಪದ್ಧತಿಯಂತೆ ಮೂವರೂ ತಂತಮ್ಮ ಹಿರಿಮಗನಿಗೆ ತಾತನ ಹೆಸರಿಟ್ಟರು. ನಾನು ರಾಗಿ ಕಣ ಮಾಡುವ ಹೊತ್ತಿಗೆ ಹುಟ್ಟಿದವನು, ಗುಬ್ಬಿಯವನು ಯುಗಾದಿ ಕಳೆದ ಮೇಲೆ. ಊರ್ಡಿಗೆರೆ ಕಡೆಯ ನಮ್ಮ ಹಳ್ಳಿಯ ಹೆಡ್‌ಮೇಷ್ಟ್ರು ನಾವಿಬ್ಬರೂ ಇದ್ದ ಇಡೀ ತರಗತಿಗೇ ಒಂದೇ ವರ್ಷದ ಜೂನ್ ಒಂದನ್ನು ಹುಟ್ಟಿದ ದಿನವಾಗಿ ದಯಪಾಲಿಸಿದರು. ಊರಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಹಾಲು ಕರೆಯಲು ಯಾವ ಕರಿಬಸವಯ್ಯ ಬಂದನೆಂದು ಎಮ್ಮೆಗೂ ಗೊತ್ತಾಗುತ್ತಿತ್ತು. ಮುಂದೆ ಗುಬ್ಬಿಯ ಒಂದು ಫೈನಾನ್ಸಿನವರು ಅವನ ಅರ್ಜಿಯಲ್ಲಿ ಹಳ್ಳಿಯ ವಿಳಾಸ ಬರೆದು, ಪ್ಯಾನ್ ನಂಬರಿನ ಜಾಗ ಖಾಲಿ ಬಿಟ್ಟರು. ಹೆಸರು, ಹುಟ್ಟಿದ ದಿನಾಂಕ, ಊರು ಮೂರೂ ನನ್ನವುಗಳ ಜೊತೆ ಕೂಡಿದವು. ತಂದೆಯ ಹೆಸರು ಮಾತ್ರ ಬೇರೆ. ಅಪ್ಪ ಯಾರಾದರೇನಂತೆ ಎಂದು ನಿಮ್ಮ ಯಂತ್ರ ಉದಾರವಾಗಿ ಯೋಚಿಸಿ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿತು. ಇನ್ನೊಂದು ಕಂಪನಿಯ ಯಂತ್ರಕ್ಕೆ ಇಷ್ಟು ವಿಶಾಲ ಹೃದಯವಿಲ್ಲ, ಅಲ್ಲಿ ನಾವು ಇನ್ನೂ ಇಬ್ಬರು. ಮೂರನೆಯ ಕರಿಬಸವಯ್ಯ ಕುಣಿಗಲ್‌ನಲ್ಲಿದ್ದಾನೆ. ಜೀವಮಾನದಲ್ಲಿ ಸಾಲ ಮಾಡಿದವನಲ್ಲ. ಹಾಗಾಗಿ ನಿಮ್ಮ ಪಾಲಿಗೆ ಅವನು ಇನ್ನೂ ಹುಟ್ಟಿಲ್ಲ.

ಗುಬ್ಬಿಗೆ ಹೋದೆ. ಹಿಟ್ಟು ಮೆತ್ತಿಕೊಂಡ ಮುಖದಲ್ಲೇ ತಮ್ಮ ಹೊರಗೆ ಬಂದ.

"ಸುಳ್ ಯಾಕ್ ಹೇಳ್ಲಿ ಅಣ್ಣಾ, ಕಂತು ನಿಂತೋಗಿತ್ತು. ಬೈಕ್ನೇ ಎತ್ಕೊಂಡೋದ್ರು, ಅಲ್ಲಿಗ್ ಮುಗೀತು ಅನ್ಕಂಡಿದ್ದೆ. ಈಗ ನನ್ ಹೆಸ್ರೂ ಹೋಯ್ತಾ?"

"ನಿಂದಲ್ಲ ಕಣೋ, ಹೋಗಿರೋದು ನಂದು."

"ಎರಡೂ ಒಂದೇ ಅಂತಾವ್ರಲ್ಲಣ್ಣಾ ಅವ್ರು!" ಎಂದು ನಕ್ಕ.

ಆಮೇಲೆ ನಗಲಿಲ್ಲ. ಗಿರಣಿಗೆ ಹೊಸ ಮೋಟಾರ್ ಹಾಕಿಸಲು ಅವನೂ ಸಾಲಕ್ಕೆ ಅರ್ಜಿ ಕೊಟ್ಟಿದ್ದ. ಈ ಬಾಕಿ ತನ್ನದೆಂದು ಒಪ್ಪಿದರೆ ಆ ಸಾಲ ಸಿಗುವುದಿಲ್ಲವೆಂದು ಅವನಿಗೆ ಗೊತ್ತು. "ಬುಡಣ್ಣಾ, ಮೋಟಾರು ಇನ್ನೊಂದ್ ವರ್ಷ ತಳ್ಳುತ್ತೆ. ನಿನ್ ಮನೆ ತಳ್ಳಲ್ಲ" ಎಂದವನೇ ಗಿರಣಿಗೆ ಬೀಗ ಹಾಕಿ ನನ್ನ ಜೊತೆ ತುಮಕೂರಿನ ಬಸ್ ಹತ್ತಿದ. 'ಈ ಸಾಲ ನನ್ನದು, ನನ್ನ ದೊಡ್ಡಪ್ಪನ ಮಗನದಲ್ಲ' ಎಂದು ನೋಟರಿಯ ಮುಂದೆ ಅಫಿಡವಿಟ್‌ಗೆ ಸಹಿ ಹಾಕಿದ.

ಅದಕ್ಕೆ ತಮ್ಮ ಕಚೇರಿ ಕೊಟ್ಟ ಉತ್ತರವನ್ನು ನಾಡಿನ ಜನ ಓದಲಿ: "ಅಫಿಡವಿಟ್ ನೀಡಿದವರ ಹೆಸರು ಮತ್ತು ಜನ್ಮದಿನಾಂಕ ದೂರುದಾರರದರೊಂದಿಗೆ ಹೊಂದಿಕೆಯಾಗುತ್ತಿರುವುದರಿಂದ, ತಮ್ಮ ಬಗ್ಗೆ ತಾವೇ ನೀಡಿದ ಹೇಳಿಕೆಯನ್ನು ಪರಿಗಣಿಸಲಾಗದು. ದೂರನ್ನು ಮುಕ್ತಾಯಗೊಳಿಸಲಾಗಿದೆ."

ಸ್ವಾಮಿ, ಅಂಕ ಹಾಕುವುದು ನನ್ನ ಕಸುಬು. ಒಬ್ಬ ಹುಡುಗನ ಉತ್ತರಪತ್ರಿಕೆಯನ್ನು ಇನ್ನೊಬ್ಬನದರ ಜೊತೆ ಹೊಲಿದು ಇಬ್ಬರನ್ನೂ ಫೇಲು ಮಾಡಿದರೆ ಮಾರನೇ ದಿನವೇ ಪೋಷಕರು ನನ್ನ ಕೊರಳಪಟ್ಟಿ ಹಿಡಿಯುತ್ತಾರೆ, ಹಿಡಿಯಲೂ ಬೇಕು. ನಿಮ್ಮ ಕೊರಳಪಟ್ಟಿ ಎಲ್ಲಿದೆ? ನಿಮ್ಮನ್ನು ನಾವು ಓಟು ಹಾಕಿ ಕೂರಿಸಿಲ್ಲ, ಕರೆದು ಲೆಕ್ಕವನ್ನೂ ಒಪ್ಪಿಸಿಲ್ಲ. ನಮ್ಮನ್ನು ಕೇಳದೆ ನಮಗೆ ಅಂಕ ಹಾಕುತ್ತೀರಿ. ತಪ್ಪಾಗಿದೆ ಎಂದರೆ ನಾವು ನಾವೇ ಎಂದು ಸಾಬೀತು ಮಾಡಲು ನಮ್ಮನ್ನೇ ಅಲೆಸುತ್ತೀರಿ. ಸುಳ್ಳು ಹೇಳದವನಿಗೆ ಶಿಕ್ಷೆ, ನಿಜ ಒಪ್ಪಿದವನಿಗೆ ಅವಮಾನ. ಇದಕ್ಕೆ ದೂರು ಪರಿಹಾರ ಎಂದು ಬೋರ್ಡು ಬೇರೆ!

ನನ್ನ ಹಕ್ಕೊತ್ತಾಯ ಸರಳ. ಈ ವಾರದೊಳಗೆ ಆ ಸಾಲವನ್ನು ನನ್ನ ವರದಿಯಿಂದ ತೆಗೆಯಿರಿ. ತಪ್ಪು ನಿಮ್ಮದೆಂದು ಬ್ಯಾಂಕಿಗೆ ಬರೆದುಕೊಡಿ. ಬೈಕನ್ನು ಎತ್ತಿಕೊಂಡು ಹೋದ ಮೇಲೂ ಬಾಕಿ ಹೇಗೆ ಉಳಿಯಿತೆಂದು ಆ ಫೈನಾನ್ಸಿನವರಿಂದ ನನ್ನ ತಮ್ಮನಿಗೆ ಲೆಕ್ಕ ಕೊಡಿಸಿ. ಆಗದಿದ್ದರೆ ಸೋಮವಾರ ಬೆಳಿಗ್ಗೆ ನಿಮ್ಮ ಕಚೇರಿಯ ಬಾಗಿಲಲ್ಲಿ ಧರಣಿ ಕೂರುತ್ತೇವೆ. ಕುಣಿಗಲ್‌ನವನೂ ಬರುತ್ತಾನಂತೆ. ದಯವಿಟ್ಟು ಹೊರಗೆ ಬಂದು ನಮ್ಮನ್ನು ಎಣಿಸಿ. ನಿಮ್ಮ ಕಣ್ಣಿಗೆ ಒಬ್ಬನೇ ಕಂಡರೆ ಸಾಲವನ್ನು ಅಲ್ಲೇ ಕಟ್ಟಿ ಎದ್ದು ಹೋಗುತ್ತೇನೆ.

ಇಂತಿ,
ಕರಿಬಸವಯ್ಯ, ತುಮಕೂರು
ಕರಿಬಸವಯ್ಯ, ಗುಬ್ಬಿ
(ಎರಡೂ ಸಹಿ ಒಬ್ಬನದೇ ಎಂದು ಈ ಪತ್ರವನ್ನೂ ಮುಕ್ತಾಯಗೊಳಿಸಬೇಡಿ.)