ಹಾಳೆಯ ಹಿಂದಿನ ಹೆಸರು

೧೨ ಜುಲೈ ೨೦೦೫, ಸಂಜೆ

ಇವತ್ತೂ ಅವ್ವನ ಹೆಸರು ಬರಲಿಲ್ಲ. ಸ್ಕ್ರೀನ್ ಮೇಲೆ ಪ್ರತಿ ಪುಟದಲ್ಲೂ ಓರೆಯಾಗಿ, ತೆಳು ಬೂದು ಬಣ್ಣದಲ್ಲಿ ‘ಹಾಡಿದವರು: ಸಾಕಮ್ಮ’ ಅಂತ ಇದೆ. ಪ್ರಿಂಟ್ ತೆಗೆದರೆ ಮಾಯ. ಕುವೆಂಪುನಗರದ ಡಿಟಿಪಿ ಸೆಂಟರಿನ ಪ್ರಸನ್ನ ಟೋನರ್ ಮೇಲೆ ತಪ್ಪು ಹೊರಿಸಿದ. ಟೋನರ್ ಬದಲಾಯಿಸಿದ ಮೇಲೂ ಅದೇ ಕತೆ. ಕರ್ಮ.

೧೩ ಜುಲೈ

ಸಿಕ್ಕಿತು! ಪ್ರಿಂಟ್ ಆಪ್ಷನ್ಸ್‌ನಲ್ಲಿ ‘ಡ್ರಾಯಿಂಗ್ ಆಬ್ಜೆಕ್ಟ್ಸ್’ ಮುಂದೆ ಟಿಕ್ ಇರಲಿಲ್ಲ. ಅಕ್ಷರಗಳ ಹಿಂದೆ ತೆಳುವಾಗಿ ಕಾಣುವ ಈ ವಾಟರ್‌ಮಾರ್ಕ್ ಅಂದರೆ ವರ್ಡ್‌ಗೆ ಒಂದು ಚಿತ್ರವಂತೆ. ಟಿಕ್ ಹಾಕಿದೆ — ಎಲ್ಲ ಪುಟದಲ್ಲೂ ಅವ್ವ ಬಂದಳು.

ಅವ್ವನಿಗೆ ಓದಲು ಬರುವುದಿಲ್ಲ. ಹಾಳೆ ಕೊಟ್ಟರೆ ತಲೆಕೆಳಗಾಗಿ ಹಿಡಿದಳು. ನಾಟಿ ಪದ, ಸೋಬಾನೆ, ತವರಿನ ಪದ... ಎಲ್ಲ ಅವಳ ಬಾಯಿಂದ ಬಂದದ್ದು. ನಾನು ಬರೆದುಕೊಂಡವಳು ಅಷ್ಟೇ. ಬುಕ್ಕಿನಲ್ಲಿ ತನ್ನ ಹೆಸರು ಇರುತ್ತದಾ ಅಂತ ಕೇಳಿದಳು. ಪ್ರತಿ ಪುಟದಲ್ಲೂ ಅಂದೆ. ನಂಬಲಿಲ್ಲ.

೨ ಆಗಸ್ಟ್

ರಾಮಕೃಷ್ಣನಗರಕ್ಕೆ ಹೋಗಿ ನಮ್ಮ ವಿಭಾಗದ ಮುಖ್ಯಸ್ಥರಾದ ಬಿಂದುಮಾಧವ ಸರ್ ಕೈಗೆ ಪುಸ್ತಕದ ಫೈಲಿದ್ದ ಸಿ.ಡಿ. ಕೊಟ್ಟೆ. ಮುನ್ನುಡಿ ಬರೆಯುತ್ತಾರಂತೆ, ಪ್ರಕಾಶಕರ ಹತ್ತಿರವೂ ಮಾತಾಡುತ್ತಾರಂತೆ. ಕಾಫಿ ಕೊಟ್ಟರು. ನನ್ನಂಥ ಗೆಸ್ಟ್ ಲೆಕ್ಚರರ್‌ಗೆ ಇಷ್ಟು ಮರ್ಯಾದೆ ಇನ್ಯಾರು ಕೊಡುತ್ತಾರೆ?

೯ ಆಗಸ್ಟ್, ಬೆಳಿಗ್ಗೆ

ಸರ್ ಫೋನ್. ವಾಟರ್‌ಮಾರ್ಕ್ ಅಡ್ಡ ಬರುತ್ತಿದೆ, ಪ್ರಿಂಟ್ ಹಾಳೆಯ ಮೇಲೆ ತಿದ್ದಲು ಕಷ್ಟ, ಸದ್ಯಕ್ಕೆ ತೆಗೆಯುವುದು ಹೇಗೆ ಅಂತ. ಸ್ಕ್ರೀನ್ ಮೇಲೆ ಕಾಣುವುದೇ ಇಲ್ಲವಂತೆ, ಪ್ರಿಂಟ್‌ನಲ್ಲಿ ಮಾತ್ರ ಬರುತ್ತದಂತೆ. ನಾರ್ಮಲ್ ವ್ಯೂನಲ್ಲಿದ್ದೀರಿ ಸರ್, ಪ್ರಿಂಟ್ ಲೇಔಟ್‌ಗೆ ಬನ್ನಿ ಅಂದೆ. ಹೆಡರ್ ತೆರೆಯಿರಿ, ಹೆಸರಿನ ಮೇಲೆ ಕ್ಲಿಕ್ ಮಾಡಿ, ಡಿಲೀಟ್ ಒತ್ತಿ. ಅಧ್ಯಾಯಕ್ಕೊಂದು ಸೆಕ್ಷನ್ ಇದೆ, ಒಂದರಲ್ಲಿ ತೆಗೆದರೆ ಇನ್ನೊಂದರಲ್ಲಿ ಹೋಗುವುದಿಲ್ಲ — ಅದನ್ನೂ ಬಿಡಿಸಿ ಹೇಳಿದೆ. ಬಲು ಹೆಮ್ಮೆಯಿಂದ ಹೇಳಿದೆ.

೨೦ ನವೆಂಬರ್

ಸುದ್ದಿಯಿಲ್ಲ. ಬುಕ್ಕು ಎಲ್ಲಿಗೆ ಬಂತು ಅಂತ ಅವ್ವನ ವರಾತ. ಸ್ಟಾಫ್ ರೂಮಿನಲ್ಲಿ ಎದುರಾದರೆ ಸರ್ ವಾಚು ನೋಡಿಕೊಳ್ಳುತ್ತಾರೆ.

೧೪ ಜನವರಿ ೨೦೦೬, ಸಂಕ್ರಾಂತಿ

ಸರ್ ಮನೆಗೆ ಕರೆಸಿದರು. ಎಳ್ಳುಬೆಲ್ಲ ಕೈಗಿಟ್ಟು, ಎಳ್ಳುಬೆಲ್ಲ ತಿಂದು ಒಳ್ಳೇ ಮಾತಾಡು ಅಂದು ಕಂಪ್ಯೂಟರ್ ಮುಂದೆ ಕೂರಿಸಿದರು. ಮೊದಲ ಪುಟ — ‘ಸಂಗ್ರಹ ಮತ್ತು ಸಂಪಾದನೆ: ಡಾ. ಬಿಂದುಮಾಧವ’. ಮುನ್ನುಡಿಯಲ್ಲಿ ಅವ್ವ ‘ಓರ್ವ ಗ್ರಾಮೀಣ ಮಹಿಳೆ’. ನಾನು ಎಲ್ಲೂ ಇಲ್ಲ.

ಕರೆಸಿದ್ದು ಯಾಕೆಂದರೆ, ಸೋಬಾನೆ ಅಧ್ಯಾಯದಲ್ಲಿ ಅವ್ವನ ಹೆಸರು ಇನ್ನೂ ಪ್ರಿಂಟ್ ಆಗುತ್ತಿದೆಯಂತೆ. ಆ ಸೆಕ್ಷನ್ ಒಂದು ಬಿಟ್ಟುಹೋಗಿದೆ.

“ಇದೊಂದು ತೆಗೆದುಬಿಡು ಧರಣಿ. ಜೂನ್‌ಗೆ ನಿನ್ನ ಕೆಲಸದ ರಿನ್ಯೂಯಲ್ ಇದೆ ಅಲ್ವೇನಮ್ಮ, ನಾನೇ ತಾನೆ ಶಿಫಾರಸು ಬರೀಬೇಕು.”

ಎಷ್ಟು ಸಲೀಸಾಗಿ ಅಂದ, ಕಳ್ಳನನ್ಮಗ. ಈಗ ಇಲ್ಲಿ ಕೂತು ಬೈದು ಬರೆಯುತ್ತಿದ್ದೇನೆ. ಅಲ್ಲಿ ಬೈಯಲಿಲ್ಲ. ಹೆಡರ್ ತೆರೆದೆ, ಕ್ಲಿಕ್ ಮಾಡಿದೆ, ಡಿಲೀಟ್ ಒತ್ತಿದೆ. ಪ್ರಿಂಟ್ ತೆಗೆದು ಕೈಗೂ ಕೊಟ್ಟೆ. ಎಳ್ಳುಬೆಲ್ಲವನ್ನೂ ತಿಂದೆ. ಥೂ ನನ್ನ ಜನ್ಮಕ್ಕೆ.

೫ ಮಾರ್ಚ್

ಪುಸ್ತಕ ಬಂತು. ಬಚ್ಚಿಡೋಣ ಅಂದುಕೊಂಡಿದ್ದೆ, ಅವ್ವ ಬ್ಯಾಗಿನಲ್ಲಿ ನೋಡಿಬಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಈಸಿಕೊಂಡಳು.

“ಎಲ್ಲದೆ ತೋರ್ಸವ್ವ, ನನ್ನೆಸ್ರು.”

ಮುಖಪುಟದ ಮೇಲೆ ಇದ್ದದ್ದು ಒಂದೇ ಹೆಸರು, ಸರ್ ಹೆಸರು. ಅದರ ಮೇಲೆ ಬೆರಳಿಟ್ಟೆ. ಇದೇ ಕಣವ್ವ ಅಂದೆ.

ಕಣ್ಣಿಗೊತ್ತಿಕೊಂಡಳು. ಪಕ್ಕದ ಮನೆ ಬೆಟ್ಟಮ್ಮನಿಗೆ ತೋರಿಸಿ ಬರುತ್ತೇನೆ ಅಂತ ಈಗ ತಾನೆ ಎದ್ದು ಹೋದಳು. ಬೆಟ್ಟಮ್ಮನ ಸೊಸೆಗೆ ಓದಲು ಬರುತ್ತದೆ. ಕೂಗಿ ಕರೆಯಬೇಕು. ಗೇಟು ತೆಗೆದ ಸದ್ದು ಕೇಳಿಸಿತು. ನಾನಿನ್ನೂ ಇಲ್ಲೇ ಕೂತು —