ಡೈರಿಯಲ್ಲಿ ಮಾತ್ರ ಇಳಿದ ಹಸಿವು

ಡಾಕ್ಟರ್ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಹಸಿವು ಇಳಿಸುವ ಹೊಸ ಇಂಜೆಕ್ಷನ್ ಪಡೆದ ಮಕ್ಕಳಿಗೂ ಹೋಲಿಕೆಗೆಂದು ಬರೀ ಉಪ್ಪುನೀರಿನ ಸೂಜಿ ಪಡೆದ ಮಕ್ಕಳಿಗೂ ಹಸಿವಿನಲ್ಲಿ ವ್ಯತ್ಯಾಸ ಕಾಣದ್ದರಿಂದ ಪರೀಕ್ಷೆ ನಿಲ್ಲಿಸುತ್ತಿದ್ದೇವೆ ಎಂದು ಬರೆದಿದ್ದೀರಿ. ಹೊಟ್ಟೆ ತುಂಬಿದ್ದೇ ತಿಳಿಯದ ಕಾಯಿಲೆಯ ನನ್ನ ಮಗಳಿಗೆ ಸಿಕ್ಕಿದ್ದು ಉಪ್ಪುನೀರು ಎಂದೂ ತಿಳಿಸಿದ್ದೀರಿ.

ನೀವು ಕೊಟ್ಟ ಹಸಿವಿನ ಡೈರಿಯಲ್ಲಿ ನಾನು ಸುಳ್ಳು ಬರೆದೆ. ಅವಳು ದಿನಕ್ಕೆ ನಲವತ್ತು ಸಲ ಊಟ ಕೇಳಿದರೆ ಹತ್ತು ಎಂದು ಬರೆದೆ. ಕಸದ ಬುಟ್ಟಿಗೆ ಕೈ ಹಾಕಿದ್ದನ್ನು ಬರೆಯಲೇ ಇಲ್ಲ. ಮೂರನೇ ವಾರ ನರ್ಸಮ್ಮ ಡೈರಿ ನೋಡಿ, "ಏನಮ್ಮಾ, ಇವಳದು ಒಂಚೂರೂ ಇಳಿದಿಲ್ವಲ್ಲ!" ಎಂದಿದ್ದರು. ಗುಣ ಕಾಣದಿದ್ದರೆ ಮಗಳನ್ನು ಕೈಬಿಡುತ್ತೀರೆಂದು ಹೆದರಿ, ಅಂದಿನಿಂದ ಹಾಗೆ ಬರೆಯತೊಡಗಿದೆ.

ಇದ್ದದ್ದೇ ಹದಿನೆಂಟು ಮಕ್ಕಳು; ನನ್ನ ಸುಳ್ಳಿನಿಂದಲೇ ಉಪ್ಪುನೀರಿಗೂ ಹಸಿವು ಇಳಿದಂತೆ ಕಂಡಿರಬಹುದು. ದಯವಿಟ್ಟು ನನ್ನ ಪುಟಗಳನ್ನು ತೆಗೆದುಹಾಕಿ ಮತ್ತೊಮ್ಮೆ ಲೆಕ್ಕ ನೋಡಿ. ಉಳಿದ ತಾಯಂದಿರನ್ನೂ ಕೇಳಿ. ಹೀಗೆ ಬರೆದವಳು ನಾನೊಬ್ಬಳೇ ಇರಲಿಕ್ಕಿಲ್ಲ.

ಪರೀಕ್ಷೆ ನಿಂತದ್ದನ್ನು ಮಗಳಿಗೆ ಹೇಳಿಲ್ಲ. ಇವತ್ತು ಬುಧವಾರ, ಸೂಜಿಯ ದಿನ. ಬೆಳಿಗ್ಗೆಯೇ ಅಂಗಿಯ ತೋಳು ಮಡಚಿಕೊಂಡು, ಬೀಗ ಹಾಕಿದ ಅಡುಗೆಮನೆ ಬಾಗಿಲಲ್ಲಿ ಕೂತಿದ್ದಾಳೆ.

"ಅಮ್ಮಾ, ಇವತ್ತಾದ್ರೂ ಹಸಿವು ಹೋಗುತ್ತಾ?" ಎಂದು ಕೇಳುತ್ತಿದ್ದಾಳೆ.

ಇತಿ,
ಹನ್ನೊಂದನೇ ನಂಬರಿನ ಮಗುವಿನ ತಾಯಿ