ತೊಂಬತ್ತನಾಲ್ಕನೇ ಪುಟ

ಹಿಲ್ಲೆಗೊಮ್, ಮಂಗಳವಾರ

ಮಾನ್ಯ ಪ್ರೊಫೆಸರ್ ಬ್ರಾಂಡ್ಸ್‌ಮಾ ಅವರಿಗೆ,

ಶುಕ್ರವಾರ ನನ್ನ ಪಿಎಚ್.ಡಿ. ಸಭೆಯಲ್ಲಿ ಮೊದಲು ಪ್ರಶ್ನೆ ಕೇಳುವವರು ನೀವು. ದಯವಿಟ್ಟು ನನ್ನ ಪ್ರಬಂಧದ ತೊಂಬತ್ತನಾಲ್ಕನೇ ಪುಟದಿಂದಲೇ ಶುರುಮಾಡಿ.

ನಕ್ಷತ್ರಗಳ ನಡುವಿನ ಅನಿಲಮೋಡದಲ್ಲಿ, ಧೂಳಿಗೆ ಮೆತ್ತಿಕೊಂಡ ಹಿಮದ ಮೇಲೆ ನೇರಳಾತೀತ ಬೆಳಕು ಬಿದ್ದರೆ ಆಲ್ಕೋಹಾಲ್ ಹೇರಳವಾಗಿ ಹುಟ್ಟುತ್ತದೆ ಎಂದು ಅಲ್ಲಿ ಬರೆದಿದ್ದೇನೆ. ಅಂಥದೇ ಹಿಮವನ್ನು ಪ್ರಯೋಗಾಲಯದಲ್ಲಿ ಮಾಡಿ, ದೀಪದ ಬೆಳಕು ಹಾಯಿಸಿ ಅಳೆದ ಫಲಿತಾಂಶ ಅದು. ಪ್ರಬಂಧ ಪುಸ್ತಕವಾಗಿ ಅಚ್ಚಾದ ಮೇಲೆ, ಯಾಕೋ ಮನಸ್ಸು ತಡೆಯದೆ, ದೀಪ ಹಚ್ಚದೆಯೇ ಒಮ್ಮೆ ಅಳೆದೆ. ಆಗಲೂ ಅಷ್ಟೇ ಆಲ್ಕೋಹಾಲ್ ಬಂತು. ಅನಿಲದ ಕೊಳವೆಯನ್ನು ನಾನೇ ಆಲ್ಕೋಹಾಲಿನಿಂದ ತೊಳೆದಿದ್ದೆ, ಸರಿಯಾಗಿ ಒಣಗಿಸಿರಲಿಲ್ಲ.

ಪ್ರಯೋಗಾಲಯದ ಜೊತೆಗಾರ ಯೋರಿಸ್‌ಗೆ ಹೇಳಿದೆ. "ಸುಮ್ನಿರು ಮಾರಾಯ್ತಿ. ಮುಕ್ಕಾಲು ಗಂಟೆ ತಳ್ಳು ಸಾಕು. ಸಭೆ ಮುಗಿಸೋ ಬೆಳ್ಳಿ ಕೋಲಿನಾಕೆ ಬಂದು ಹೊತ್ತಾಯ್ತು ಅಂತ ಸಾರಿದ್ಮೇಲೆ ಯಾರೂ ಏನೂ ಕೇಳೋ ಹಾಗಿಲ್ಲ" ಅಂದ. ಅವನ ಮಾತು ನಿಜ. ಅದಕ್ಕೇ ಕೂತಲ್ಲಿ ಕೂರಲಾಗುತ್ತಿಲ್ಲ. ಯಾರೂ ಕೇಳದಿದ್ದರೆ ನಾನೂ ಹೇಳದೆ ಉಳಿದುಬಿಡುತ್ತೇನೆ.

ಇನ್ನೊಂದು ಕೋರಿಕೆ. ಟ್ಯುಲಿಪ್ ಗೆಡ್ಡೆ ಬೆಳೆಯುವ ನನ್ನಪ್ಪ ಮೊದಲ ಸಾಲಿನಲ್ಲಿ ಕೂತಿರುತ್ತಾರೆ. "ನಮ್ಮ ಹುಡುಗಿ ಆಕಾಶದಲ್ಲಿ ಹೆಂಡದಂಗಡಿ ಕಂಡುಹಿಡಿದಿದಾಳೆ" ಎಂದು ಬೀದಿಗೆಲ್ಲ ಸಾರಿದ್ದಾರೆ. ಸಭೆ ನಡೆಯುವುದು ಇಂಗ್ಲಿಷಿನಲ್ಲಿ, ಅವರಿಗೆ ಅದು ಬಾರದು. ಆ ಒಂದು ಪ್ರಶ್ನೆಯನ್ನು ಮಾತ್ರ ಡಚ್ ಭಾಷೆಯಲ್ಲಿ ಕೇಳಿ. ನಾನೂ ಡಚ್ಚಿನಲ್ಲೇ ಉತ್ತರಿಸುತ್ತೇನೆ.

ನಿಮ್ಮ ಪ್ರಶ್ನೆಗೆ ಕಾದಿರುವ,
ಮರೈಕೆ ಫಾನ್ ಡೆರ್ ಸ್ಲಾಟ್